ಗಲ್ಲಾಪೆಟ್ಟಿಗೆಯೂ ತಾಮ್ರಪಟವೂ: ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಲಂಡನ್ ರಂಗಭೂಮಿಯ ವಿಡಂಬನಚಿತ್ರಗಳು



1809ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದ ಒಡೆಯರು ಬಾಕ್ಸುಗಳ ಪ್ರವೇಶಧನವನ್ನು 6 ಷಿಲಿಂಗಿನಿಂದ 7ಕ್ಕೂ, ಪಿಟ್ ಎಂದು ಕರೆಯಲ್ಪಡುತ್ತಿದ್ದ ನೆಲದಂಕಣದ ಪ್ರವೇಶಧನವನ್ನು ಮೂರೂವರೆ ಷಿಲಿಂಗಿನಿಂದ 4ಕ್ಕೂ ಏರಿಸಿದರು. ಇಷ್ಟು ಅಲ್ಪವಾದ ಏರಿಕೆಗಾಗಿ ಒಂದು ಮಹಾನಗರದ ಪ್ರೇಕ್ಷಕವರ್ಗವು 60ಕ್ಕೂ ಹೆಚ್ಚು ರಾತ್ರಿಗಳ ಕಾಲ ನಾಟಕಗಳನ್ನು ನಡೆಯಗೊಡದೆ, ಗಂಟೆ, ಗಿಲಕಿ, ತುತ್ತೂರಿಗಳ ಕೋಲಾಹಲದಿಂದ ನಟರ ಮಾತನ್ನು ಮುಳುಗಿಸಿಬಿಟ್ಟಿತೆಂಬುದನ್ನು ಇಂದು ಓದುವವನಿಗೆ ಮೊದಲು ನಗು ಬರುವುದು. ಆಮೇಲೆ, ಅರ್ಧ ಷಿಲಿಂಗಿಗಾಗಿ ಮಾತ್ರವೇ ಮನುಷ್ಯರು ಇಷ್ಟು ದಿನ ಹಟ ಹಿಡಿದಾರೆಯೇ ಎಂಬ ಸಂದೇಹವೂ ಬರುವುದು. ಈ ಗಲಭೆಯ ಕಾಲದಲ್ಲಿಯೂ, ಅದಕ್ಕೆ ಕೆಲವು ವರ್ಷ ಹಿಂದೆಯೂ ಮುಂದೆಯೂ, ಚಿತ್ರದಂಗಡಿಗಳ ಕಿಟಕಿಗಳಲ್ಲಿ ತೂಗುಹಾಕಲ್ಪಟ್ಟು, ರಂಗಭೂಮಿಯನ್ನು ವ್ಯಾಪಾರದ ಮಳಿಗೆಯನ್ನಾಗಿ ಮಾಡಿದವರನ್ನು ಅಣಕಿಸಿದ ಬಿಡಿಹಾಳೆಯ ಮುದ್ರಿತಚಿತ್ರಗಳೇ ಈ ಉಪನ್ಯಾಸದ ವಿಷಯ.

ಈ ಚಿತ್ರಗಳ ತಯಾರಿಕೆಯ ಕ್ರಮವನ್ನು ಮೊದಲು ಹೇಳಿಬಿಡುವುದು ಉಚಿತ. ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯ ಮೊನೆಯಿಂದ ಚಿತ್ರವನ್ನು ಗೀಚಿ, ತಗಡಿನ ಮೇಲೆ ಆಮ್ಲವನ್ನು ಹರಿಯಿಸಿದರೆ, ಮೇಣ ಕಿತ್ತುಬಂದ ಗೆರೆಗಳಲ್ಲಿ ಮಾತ್ರ ಲೋಹ ಕೊರೆದುಹೋಗುವುದು. ಆ ಕೊರೆತಗಳಲ್ಲಿ ಮಸಿ ತುಂಬಿ, ನೆನೆಸಿದ ಕಾಗದವನ್ನು ಮೇಲಿಟ್ಟು ಯಂತ್ರದಲ್ಲಿ ಒತ್ತಿ ತೆಗೆದ ಹಾಳೆಗೆ ಕೂಲಿಯಾಳುಗಳು ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಸೇಂಟ್ ಜೇಮ್ಸ್ ಬೀದಿಯಲ್ಲಿ ಹ್ಯಾನಾ ಹಂಫ್ರಿ ಎಂಬಾಕೆಯ ಅಂಗಡಿ, ಪಿಕಡಿಲಿಯಲ್ಲಿ ಫೋರ್ಸ್ ಎಂಬವನ ಅಂಗಡಿ, ಚೀಪ್‌ಸೈಡಿನಲ್ಲಿ ಟೆಗ್ ಎಂಬವನ ಅಂಗಡಿ, ಇವು ಅಂದಿನ ಮುಖ್ಯ ಮಳಿಗೆಗಳಲ್ಲಿ ಕೆಲವು. ಒಳ್ಳೆಯ ಮಳಿಗೆಯಲ್ಲಿ ಬಣ್ಣದ ಹಾಳೆಗೆ 2 ಷಿಲಿಂಗ್ ಬೆಲೆ ಸಾಮಾನ್ಯವಾಗಿದ್ದಿತು. ಟೆಗ್ ಮಹಾಶಯನು ಅಗ್ಗದ ಮಾಲಿನ ವರ್ತಕನಾದ್ದರಿಂದ ಒಂದೇ ಷಿಲಿಂಗಿಗೆ ಕೊಡುತ್ತಿದ್ದನು. ಫೋರ್ಸನಾದರೋ ಚಿತ್ರಗಳ ಸಂಪುಟಗಳನ್ನು ಸಾಯಂಕಾಲದ ವಿನೋದಗೋಷ್ಠಿಗಳಿಗೆ ಬಾಡಿಗೆಗೂ ಕೊಡುತ್ತಿದ್ದನು. ಕಾವೆಂಟ್ ಗಾರ್ಡನ್ನಿನ ಕೆಳಗಿನ ಗ್ಯಾಲರಿಗೆ 2 ಷಿಲಿಂಗ್, ಮೇಲಿನ ಗ್ಯಾಲರಿಗೆ 1 ಷಿಲಿಂಗ್ ಇದ್ದ ಕಾಲ ಅದು. ಎಂದಮೇಲೆ ನಾಟಕವನ್ನು ಹಳಿಯುವ ಚಿತ್ರಕ್ಕೂ ನಾಟಕಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ. ಕೊಳ್ಳಲು ಶಕ್ತಿಯಿಲ್ಲದವರು ಕಿಟಕಿಯ ಮುಂದೆ ನಿಂತು ಪುಕ್ಕಟೆ ನೋಡಿ ನಗುತ್ತಿದ್ದರು.

ಇನ್ನು ರಂಗಭೂಮಿಯ ಸ್ಥಿತಿ. ಎರಡನೆಯ ಚಾರ್ಲ್ಸ್ ದೊರೆಯು 1662ರಲ್ಲಿ ಕಿಲ್ಲಿಗ್ರೂ, ಡ್ಯಾವೆನೆಂಟ್ ಎಂಬಿಬ್ಬರಿಗೆ ದಯಪಾಲಿಸಿದ ರಾಜಸನ್ನದುಗಳು ಕಾಲಕ್ರಮದಲ್ಲಿ ಡ್ರೂರಿ ಲೇನ್, ಕಾವೆಂಟ್ ಗಾರ್ಡನ್ ಎಂಬ ಎರಡು ರಂಗಮಂದಿರಗಳಿಗೆ ಸಂದಿದ್ದುವು. 1737ರ ಶಾಸನವು ಈ ಹಕ್ಕನ್ನು ಇನ್ನಷ್ಟು ಬಿಗಿಗೊಳಿಸಿತು. ಬೇಸಗೆಯಲ್ಲಿ ಹೇಮಾರ್ಕೆಟ್ ರಂಗಮಂದಿರಕ್ಕೆ ಕೊಟ್ಟಿದ್ದ ಅವಕಾಶವೊಂದನ್ನು ಬಿಟ್ಟರೆ, ಮಾತಿನ ನಾಟಕವನ್ನು, ಎಂದರೆ ಷೇಕ್ಸ್‌ಪಿಯರನನ್ನೂ ಅವನ ಸಾಲಿನವರನ್ನೂ, ಲಂಡನ್ನಿನಲ್ಲಿ ಆಡುವ ಅಧಿಕಾರ ಇವೆರಡಕ್ಕೇ ಮೀಸಲು. ಉಳಿದ ಸಣ್ಣ ಮಂದಿರಗಳವರು ಹಾಡು, ಕುಣಿತ, ಮೂಕಾಭಿನಯ, ಕುದುರೆಯಾಟಗಳಿಂದ ಹೊಟ್ಟೆ ಹೊರೆದುಕೊಳ್ಳಬೇಕು. ಊರು ಬೆಳೆಯಿತು, ಮಂದಿರಗಳ ಸಂಖ್ಯೆ ಬೆಳೆಯಲಿಲ್ಲ. ಆದಕಾರಣ ಇದ್ದೆರಡು ಮಂದಿರಗಳೇ ಉಬ್ಬತೊಡಗಿದುವು. 1794ರಲ್ಲಿ ಹೊಸದಾಗಿ ಎದ್ದ ಡ್ರೂರಿ ಲೇನ್ ಸುಮಾರು 3,600 ಜನರನ್ನು ಹಿಡಿಸುವಷ್ಟು ವಿಶಾಲವಾಗಿದ್ದಿತು. ಅಂಥ ಬಯಲಿನಲ್ಲಿ ನಟನ ಹುಬ್ಬಿನ ಚಲನೆಯಾಗಲಿ ಪಿಸುಮಾತಾಗಲಿ ಯಾರಿಗೆ ಮುಟ್ಟೀತು? ದೊಡ್ಡ ಕಟ್ಟಡಕ್ಕೆ ದೊಡ್ಡ ಸಾಲ, ದೊಡ್ಡ ಸಾಲಕ್ಕೆ ದೊಡ್ಡ ಜನಸಂದಣಿ, ದೂರದಲ್ಲಿ ಕುಳಿತ ಆ ಸಂದಣಿಯನ್ನು ತಣಿಸುವುದಕ್ಕೆ ಕಣ್ಣಿಗೆ ರಾಚುವ ಅದ್ಭುತಗಳು: ಹೀಗೆ ಒಂದರಿಂದೊಂದು ಹುಟ್ಟುತ್ತ ಹೋಯಿತು.

ಕವಿಯನ್ನು ಮೂಲೆಗೊತ್ತಿ ಹಣ ಮಾಡುವವರನ್ನು ಚಿತ್ರದಲ್ಲಿ ಬಯ್ಯುವ ಪದ್ಧತಿ ಇಂಗ್ಲೆಂಡಿಗೆ ಹೊಸದೇನಲ್ಲ. ಚಿತ್ರಕಾರ ಹೋಗಾರ್ತನು 1724ರಷ್ಟು ಹಿಂದೆಯೇ, ಷೇಕ್ಸ್‌ಪಿಯರ್, ಡ್ರೈಡನ್, ಕಾಂಗ್ರೀವರ ಗ್ರಂಥಗಳನ್ನು ಅಂಗಡಿಯ ರದ್ದಿಕಾಗದವಾಗಿ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗುವ ದೃಶ್ಯವನ್ನು ಕೊರೆದಿದ್ದನು. 1789ರಲ್ಲಿ ವಿಡಂಬನಚಿತ್ರಕಾರ ಜೇಮ್ಸ್ ಗಿಲ್‌ರೇಯು, ಷೇಕ್ಸ್‌ಪಿಯರನ ನಾಟಕಗಳಿಗೆ ಚಿತ್ರ ಬರೆಯಿಸಿ ಮಾರಹೊರಟಿದ್ದ ಬಾಯ್ಡೆಲ್ ಎಂಬ ವರ್ತಕನು ಲೋಭದೇವತೆಯ ಸನ್ನಿಧಿಯಲ್ಲಿ ಕವಿಯ ಕೃತಿಗಳನ್ನು ಆಹುತಿ ಕೊಡುತ್ತಿರುವಂತೆ ಚಿತ್ರಿಸಿದನು. ಆಹುತಿಯಾದ ಕವಿ, ಲೋಭಿಯಾದ ಒಡೆಯ: ಮುಂದಿನ ಮೂವತ್ತು ವರ್ಷಗಳ ರಂಗವಿಡಂಬನೆಗೆ ಇವರಿಬ್ಬರೇ ಮೂಲಪಾತ್ರಗಳು.

ಲೋಭಿಯ ಪಾತ್ರಕ್ಕೆ ಮೊದಲು ಸಿಕ್ಕವನು ರಿಚರ್ಡ್ ಬ್ರಿನ್ಸ್‌ಲಿ ಷೆರಿಡನ್. ‘ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್’ನಂಥ ಸುಂದರ ಪ್ರಹಸನವನ್ನು ಬರೆದವನು, ಪಾರ್ಲಿಮೆಂಟಿನ ವಾಗ್ಮಿಗಳಲ್ಲಿ ಅಗ್ರಗಣ್ಯನು, ಡ್ರೂರಿ ಲೇನಿನ ಒಡೆಯನು, ಮತ್ತು ನಟರ ಸಂಬಳವನ್ನು ಸಕಾಲಕ್ಕೆ ಕೊಡದಿರುವ ವಿಷಯದಲ್ಲಿ ಕೀರ್ತಿಶಾಲಿ. 1799ರ ಮೇ ತಿಂಗಳಲ್ಲಿ ಅವನು ಜರ್ಮನ್ ನಾಟಕಕಾರ ಕೋಟ್ಸೆಬೂವಿನ ಕೃತಿಯೊಂದನ್ನು ಮಾರ್ಪಡಿಸಿ ‘ಪಿಜಾರೊ’ ಎಂಬ ಆಡಂಬರದ ನಾಟಕವನ್ನು ರಂಗಕ್ಕೆ ತಂದನು. ಜನ ನುಗ್ಗಿತು, ಹಣ ಸುರಿಯಿತು. ಜೂನ್ 4ರೊಳಗೆ ಗಿಲ್‌ರೇಯ ಚಿತ್ರ ಹೊರಬಿದ್ದಿತು: ಷೆರಿಡನನೇ ಪಿಜಾರೊವಿನ ವೇಷದಲ್ಲಿ ನಿಂತು, ತನ್ನ ಹೊಸ ಪೆರೂ ದೇಶದ ಗಣಿಯಿಂದ ಬಂದ ಚಿನ್ನವನ್ನು ನೋಡಿ ಹಿಗ್ಗುತ್ತಿದ್ದಾನೆ. ಪೆರೂವನ್ನು ಲೂಟಿ ಮಾಡಿದ ಸ್ಪೇನಿನವನನ್ನು ನಾಟಕದಲ್ಲಿ ನಿಂದಿಸಿದವನು ಆ ನಿಂದೆಯನ್ನೇ ಮಾರಿ ತಾನು ಲೂಟಿ ಹೊಡೆದನೆಂಬ ಈ ವಕ್ರೋಕ್ತಿ ಬಹಳ ಚೆನ್ನಾಗಿದೆ. ಆದರೆ ಆ ವರ್ಷಗಳಲ್ಲಿ ಗಿಲ್‌ರೇಗೆ ಟೋರಿ ಪಕ್ಷದವರಿಂದ ವರ್ಷಾಶನ ಸಲ್ಲುತ್ತಿತ್ತೆಂಬುದನ್ನೂ, ಷೆರಿಡನನು ಎದುರು ಪಕ್ಷವಾದ ವಿಗ್ಗರ ಮುಂದಾಳಾಗಿದ್ದನೆಂಬುದನ್ನೂ ಜೊತೆಗೇ ಸ್ಮರಿಸಬೇಕಾಗಿದೆ. ಲೋಭವನ್ನು ಹಳಿದ ಸೂಜಿಗೂ ಸಂಬಳವಿದ್ದಿತು.

ಅದಕ್ಕಿಂತ ಸರಸವಾದ ಪ್ರಸಂಗ ಬಾಲನಟ ವಿಲಿಯಂ ಬೆಟ್ಟಿಯದು. 1791ರಲ್ಲಿ ಹುಟ್ಟಿ, ಬೆಲ್‌ಫಾಸ್ಟಿನಲ್ಲಿ ರಂಗವೇರಿ, ಪ್ರಾಚೀನ ರೋಮಿನ ನಟನೊಬ್ಬನ ಹೆಸರಿನಿಂದ ‘ಎಳೆಯ ರೋಸಿಯಸ್’ ಎಂಬ ಬಿರುದು ಪಡೆದು 1804ರ ಡಿಸೆಂಬರ್ 1ರಂದು ಕಾವೆಂಟ್ ಗಾರ್ಡನ್ನಿಗೆ ಬಂದ ಈ ಹದಿಮೂರು ವರ್ಷದ ಹುಡುಗನನ್ನು ನೋಡಲು ನೆರೆದ ಜನಸಂದಣಿಯನ್ನು ಹತೋಟಿಯಲ್ಲಿಡುವುದಕ್ಕೆ ಸೈನಿಕರನ್ನು ಕರೆಯಿಸಬೇಕಾಯಿತು. ಎರಡು ಸನ್ನದಿನ ಮಂದಿರಗಳೂ ಸ್ಪರ್ಧೆಯನ್ನು ಬಿಟ್ಟು ಅವನನ್ನು ಹಂಚಿಕೊಂಡುವು. ಡ್ರೂರಿ ಲೇನಿನವರು ರಾತ್ರಿಯೊಂದಕ್ಕೆ 50 ಗಿನಿ ಕೊಡಲು ಒಪ್ಪಿ, ಬೇಗನೆ ಅದನ್ನು 100ಕ್ಕೆ ಏರಿಸಿದರು. ಮೀಸೆ ಮೂಡದ ಹುಡುಗನು ಹ್ಯಾಮ್ಲೆಟ್ಟನಾಗಿ ನಿಂತಾಗ, ಬಾಳಿನುದ್ದಕ್ಕೂ ಆ ಪಾತ್ರವನ್ನು ಚಿಂತಿಸಿ ನಡುವಯಸ್ಸಿಗೆ ಬಂದಿದ್ದ ಜಾನ್ ಫಿಲಿಪ್ ಕೆಂಬಲ್, ಅವನ ಸೋದರಿ ಸಾರಾ ಸಿಡನ್ಸ್ ಮೊದಲಾದ ಮಹಾನಟರು ಬದಿಗೆ ಸರಿಯಬೇಕಾಯಿತು. ಇನ್ನೊಬ್ಬ ವಿಡಂಬನಚಿತ್ರಕಾರ ರೋಲಂಡ್ಸನ್ನನು ಇದನ್ನು ಹುಡುಗರ ಕಪ್ಪೆನೆಗೆತದ ಆಟವಾಗಿ ಬರೆದನು: ಬಾಗಿ ನಿಂತ ಕೆಂಬಲನ ಬೆನ್ನ ಮೇಲಿಂದ ಬೆಟ್ಟಿಯು ಹಾರಿಹೋಗುತ್ತಿದ್ದಾನೆ. ಗಿಲ್‌ರೇಯ ಕಲ್ಪನೆ ಇನ್ನೂ ಆಳವಾದುದು. 1805ರ ಜನವರಿ 7ರ ತಾರೀಖುಳ್ಳ ‘ರಂಗಭೂಮಿಯ ಗುಳ್ಳೆ’ ಎಂಬ ಅವನ ಚಿತ್ರದಲ್ಲಿ ಷೆರಿಡನನು ಗೊಂಬೆಯಾಟದ ಕೋಡಂಗಿ ಪಂಚನ ರೂಪದಲ್ಲಿ ಸಾಬೂನಿನ ಗುಳ್ಳೆಗಳನ್ನು ಊದುತ್ತಿದ್ದಾನೆ. ಊದಿದ ಗುಳ್ಳೆಯ ಮೇಲೆ ಹುಡುಗ ನಿಂತಿದ್ದಾನೆ. ಸಟ್ಟಾ ವ್ಯಾಪಾರದ ಉಬ್ಬರವನ್ನು ಗುಳ್ಳೆಯೆಂದು ಕರೆಯುವ ರೂಢಿ 1720ರ ಸೌತ್ ಸೀ ಕಂಪನಿಯ ಷೇರುಗಳ ಕುಸಿತದಿಂದ ಇಂಗ್ಲಿಷರಿಗೆ ಚಿರಪರಿಚಿತವಾಗಿದ್ದುದರಿಂದ, ಪ್ರತಿಭೆಯೂ ಷೇರಿನಂತೆ ಊದಿ ಮಾರಬಹುದಾದ ಸರಕಾಯಿತೆಂಬ ಭಾವ ನೋಡಿದವರಿಗೆಲ್ಲ ತತ್‌ಕ್ಷಣ ತಿಳಿಯುತ್ತಿತ್ತು. ಗುಳ್ಳೆಯಂತೆಯೇ ಆ ಕೀರ್ತಿ ಮೂರು ನಾಲ್ಕು ವರ್ಷಗಳೊಳಗೆ ಒಡೆದುಹೋಯಿತು. ಬೆಟ್ಟಿಯು ಮಾತ್ರ 1874ರವರೆಗೆ ಬದುಕಿದ್ದನು. ಇಂಥ ಪ್ರಸಂಗಗಳಲ್ಲಿ ಹುಡುಗನ ಪಾಡನ್ನು ಕುರಿತು ಚಿತ್ರಕಾರರಾಗಲಿ ಚರಿತ್ರಕಾರರಾಗಲಿ ಮರುಗಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಈ ಎಲ್ಲ ಚಿತ್ರಗಳ ನಡುವೆ ನನಗೆ ಅತ್ಯಂತ ವಿಚಾರಪೂರ್ಣವೆಂದು ತೋರಿರುವುದು ಗಿಲ್‌ರೇಯ ಕೃತಿಯಲ್ಲ, ರೋಲಂಡ್ಸನ್ನನದೂ ಅಲ್ಲ. ನಟರ ಭಾವಚಿತ್ರಗಳಿಗೆ ಹೆಸರಾಗಿದ್ದ ಸ್ಯಾಮ್ಯುಯೆಲ್ ಡಿ ವೈಲ್ಡ್ ಎಂಬ ಚಿತ್ರಕಾರನು ‘ದಿ ಸ್ಯಾಟಿರಿಸ್ಟ್’ ಎಂಬ ಮಾಸಪತ್ರಿಕೆಗಾಗಿ 1807ರಲ್ಲಿ ಬರೆದ ‘ಮೆಲೊಡ್ರಾಮಾ ಎಂಬ ರಾಕ್ಷಸಮೃಗ’ವೇ ಅದು. ಮೆಲೊಡ್ರಾಮಾ ಎಂದರೆ ಸಂಗೀತವನ್ನೂ ಭಾವಾವೇಶವನ್ನೂ ಬೆರೆಸಿದ ಆಡಂಬರದ ನಾಟಕ. ಒಂದೇ ಮೃಗಕ್ಕೆ ಹಲವು ತಲೆಗಳು: ಷೆರಿಡನನದೊಂದು, ಕೆಂಬಲನದೊಂದು, ವಿದೂಷಕ ಗ್ರಿಮಾಲ್ಡಿಯದೊಂದು, ಮೂಕಾಭಿನಯದ ವೇಷಧಾರಿ ಹಾರ್ಲೆಕ್ವಿನ್ನನದೊಂದು. ಅದರ ಕೆಚ್ಚಲಿಗೆ ಅಂದಿನ ನಾಟಕಕಾರರು ಬಾಯಿ ಹಚ್ಚಿ ಹಾಲು ಕುಡಿಯುತ್ತಿದ್ದಾರೆ. ಕಾಲಡಿಯಲ್ಲಿ ಷೇಕ್ಸ್‌ಪಿಯರನ ಕೃತಿಗಳು ಸಿಕ್ಕಿ ನಜ್ಜುಗುಜ್ಜಾಗುತ್ತಿವೆ. 1806ರ ಕೊನೆಯಲ್ಲಿ ತೆರೆಕಂಡ ‘ಮದರ್ ಗೂಸ್’ ಎಂಬ ಮೂಕಾಭಿನಯದ ಆಟದಲ್ಲಿ ಗ್ರಿಮಾಲ್ಡಿಯು ಕಾವೆಂಟ್ ಗಾರ್ಡನ್ನಿನ ಬೊಕ್ಕಸವನ್ನು ತುಂಬಿದ್ದನೆಂಬುದು ಇದಕ್ಕೆ ಹಿನ್ನೆಲೆ. ಇಲ್ಲಿ ದೋಷವನ್ನು ಒಬ್ಬ ಒಡೆಯನ ತಲೆಗೆ ಕಟ್ಟಿಲ್ಲ. ಒಡೆಯ, ನಟ, ವಿದೂಷಕ, ಬರಹಗಾರ ಎಲ್ಲರೂ ಒಂದೇ ದೇಹದ ಅಂಗಗಳು, ಎಲ್ಲರಿಗೂ ಒಂದೇ ಹೊಟ್ಟೆ. ಸುಂದರವಾದ ಚಿತ್ರವೇನೂ ಅಲ್ಲ, ಗೆರೆಯಲ್ಲಿ ಗಿಲ್‌ರೇಯ ಕಸುವಿಲ್ಲ. ಆದರೂ ರೋಗವನ್ನು ರೋಗಿಯಿಂದ ಬೇರೆಮಾಡಿ ನೋಡಿದ ಕಣ್ಣು ಇದೊಂದೇ ಎಂದು ನನ್ನ ಮತ.

1808ರ ಸೆಪ್ಟೆಂಬರ್ 20ರಂದು ಕಾವೆಂಟ್ ಗಾರ್ಡನ್ ಸುಟ್ಟು ಬೂದಿಯಾಯಿತು; ಅನೇಕ ಜನ ಸತ್ತರು, ಸಂಗೀತಕಾರ ಹ್ಯಾಂಡೆಲನ ಆರ್ಗನ್ ವಾದ್ಯವೂ ಉರಿದುಹೋಯಿತು. ಐದು ತಿಂಗಳ ಮೇಲೆ, 1809ರ ಫೆಬ್ರವರಿ 24ರಂದು, ಕಬ್ಬಿಣದ ತೆರೆಯನ್ನೂ ಛಾವಣಿಯ ಮೇಲೆ ನೀರಿನ ತೊಟ್ಟಿಯನ್ನೂ ಇಟ್ಟುಕೊಂಡು ಬೆಂಕಿಗೆ ಅಂಜೆನೆಂದು ಕೊಚ್ಚಿಕೊಂಡಿದ್ದ ಡ್ರೂರಿ ಲೇನೂ ಉರಿಯಿತು. ಕಾವೆಂಟ್ ಗಾರ್ಡನ್ನಿನಲ್ಲಿ ಆರನೆಯ ಒಂದು ಪಾಲನ್ನು ಕೊಂಡು ನಟತ್ವದೊಡನೆ ಒಡೆತನವನ್ನೂ ಹೊತ್ತಿದ್ದ ಕೆಂಬಲನಿಗೆ ನಾರ್ತಂಬರ್‌ಲ್ಯಾಂಡಿನ ಡ್ಯೂಕನು 10,000 ಪೌಂಡ್ ಸಾಲ ಕೊಟ್ಟು, ಹೊಸ ಕಟ್ಟಡದ ಅಸ್ತಿಭಾರದ ದಿನ ಸಾಲಪತ್ರವನ್ನೇ ಮರಳಿಸಿಬಿಟ್ಟನು. ಉದಾರವಾದ ಈ ಕಾರ್ಯ ನಡೆದ ಹದಿನೈದು ದಿನಗಳಲ್ಲಿ ಗಿಲ್‌ರೇಯು ಕೆಂಬಲ್ ಸಹೋದರರನ್ನೂ ಸಿಡನ್ಸಳನ್ನೂ ಡ್ಯೂಕನ ಅರಮನೆಯ ಬಾಗಿಲಲ್ಲಿ ಭಿಕ್ಷುಕರನ್ನಾಗಿ ನಿಲ್ಲಿಸಿ ಚಿತ್ರ ಬರೆದನು. ವಿಡಂಬನಕಾರನಿಗೆ ದಾನಿಯ ಮುಖಕ್ಕಿಂತ ಯಾಚಕನ ಮುಖ ಹೆಚ್ಚು ರುಚಿ.

ರಾಬರ್ಟ್ ಸ್ಮರ್ಕ್ ಎಂಬ ಶಿಲ್ಪಿಯು ಗ್ರೀಕರ ದೇವಾಲಯವನ್ನು ಮಾದರಿಯಾಗಿಟ್ಟುಕೊಂಡು ನಿರ್ಮಿಸಿದ ಹೊಸ ಮಂದಿರ 1809ರ ಸೆಪ್ಟೆಂಬರ್ 18ರಂದು ‘ಮ್ಯಾಕ್‌ಬೆತ್’ ನಾಟಕದೊಡನೆ ತೆರೆಯಿತು. ಏರಿದ ದರವನ್ನು ಮೊದಲೇ ಹೇಳಿದ್ದೇನೆ. ಅದಕ್ಕಿಂತ ಜನರನ್ನು ಕೆರಳಿಸಿದ್ದು ಮೂರನೆಯ ಅಂತಸ್ತಿನಲ್ಲಿ ಸಾಲಾಗಿ ಕಟ್ಟಿದ ಖಾಸಗಿ ಬಾಕ್ಸುಗಳು. ಇವುಗಳನ್ನು ಶ್ರೀಮಂತರಿಗೆ ವರ್ಷದ ಬಾಡಿಗೆಗೆ ಕೊಟ್ಟು, ಹಿಂದುಗಡೆ ವಿಶ್ರಾಂತಿಯ ಕೋಣೆಗಳನ್ನೂ ಒದಗಿಸಿದ್ದರು. ಆ ಕೋಣೆಗಳಲ್ಲಿ ಏನು ನಡೆಯುವುದೋ ಎಂದು ಸಭ್ಯರು ಚಿಂತಿಸಿದರು, ಮಿಕ್ಕವರು ಊಹಿಸಿದರು. ಬಡವರ ಗ್ಯಾಲರಿಯಾದರೋ ಮೇಲೆ ಮೇಲೆ ಏರಿ, ಛಾವಣಿಯ ಕೆಳಗಿನ ಕಮಾನಿನ ಗೂಡುಗಳಿಗೆ ಸೇರಿತು. ಅಲ್ಲಿಂದ ನಟರ ಕಾಲುಗಳು ಕಾಣುತ್ತಿದ್ದುವೇ ಹೊರತು ಮುಖ ಕಾಣುತ್ತಿರಲಿಲ್ಲವೆಂದು ಜನ ದೂರಿದರು. 1811ರಲ್ಲಿ ಟೆಗ್ ಪ್ರಕಟಿಸಿದ ರೋಲಂಡ್ಸನ್ನನ ‘ಪಾರಿವಾಳದ ಗೂಡು’ ಈ ಕಮಾನುಗಳ ಚಿತ್ರ: ಸೆಕೆಗೆ ಬೆವೆತು, ಒಬ್ಬರ ಮೇಲೊಬ್ಬರು ಬಿದ್ದು, ಉಸಿರಾಡಲೂ ಎಡೆಯಿಲ್ಲದ ಜನ. ಕಟ್ಟಡದ ನಕ್ಷೆಯೇ ಸಮಾಜದ ನಕ್ಷೆಯಾಗಿದ್ದುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಹಾಳೆ ಇನ್ನೊಂದಿಲ್ಲ.

ಮೊದಲ ರಾತ್ರಿಯೇ ಕೆಂಬಲನ ಒಂದು ಮಾತೂ ಕೇಳಿಸಲಿಲ್ಲ. ಒಡೆಯರು ಮ್ಯಾಜಿಸ್ಟ್ರೇಟರನ್ನು ಕರೆತಂದು ರಂಗದ ಮೇಲಿಂದಲೇ ದೊಂಬಿ ನಿಷೇಧದ ಶಾಸನವನ್ನು ಓದಿಸಿದರು. ಚಿತ್ರಕಾರ ಐಸಾಕ್ ಕ್ರೂಕ್‌ಷ್ಯಾಂಕನೂ ಅವನ ಮಗ, ಹದಿನೇಳು ತುಂಬುವುದಕ್ಕೆ ಇನ್ನೂ ಕೆಲವು ದಿನಗಳಿದ್ದ ಜಾರ್ಜನೂ ಕೂಡಿ ಬರೆದ ಚಿತ್ರದಲ್ಲಿ ಈ ಮ್ಯಾಜಿಸ್ಟ್ರೇಟರು ರಂಗದ ಮೇಲೆ ಪ್ರಥಮ ಪ್ರವೇಶ ಮಾಡಿದ ಹೊಸ ನಟರಾಗಿದ್ದಾರೆ. ಸಭೆ ಅವರನ್ನೂ ಕೂಗಿ ಕೂಡಿಸುತ್ತಿದೆ. ‘ಹಳೆಯ ದರ’ ಎಂಬುದರ ಇಂಗ್ಲಿಷ್ ಆದ್ಯಕ್ಷರಗಳಾದ ‘ಓ.ಪಿ.’ ಟೋಪಿಗಳ ಮೇಲೆ, ಪದಕಗಳ ಮೇಲೆ, ಬೀಸಣಿಗೆಗಳ ಮೇಲೆ ಕಾಣಿಸಿಕೊಂಡಿತು. ಆ ಹೆಸರಿನ ಕುಣಿತವೂ ಹುಟ್ಟಿತು. ಹೊಸ ದರವೆಂಬ ಶಿಶು ಆರು ದಿನದ ಪ್ರಾಯದಲ್ಲಿ ಸತ್ತಿತೆಂದು ಶವಪೆಟ್ಟಿಗೆಯನ್ನೇ ನಾಟಕಶಾಲೆಯೊಳಗೆ ತಂದರು. ಜ್ಯಾಕ್ ಕಟ್ಟಿದ ಮನೆಯನ್ನು ಕುರಿತ ಮಕ್ಕಳ ಸರಪಳಿಹಾಡನ್ನು ತಿರುಚಿ, ಕೆಂಬಲನನ್ನು ಜ್ಯಾಕ್ ಮಾಡಿ, ಆ ಮನೆಯಲ್ಲಿ ದೊಡ್ಡವರಿಗೆ ಕೊಟ್ಟ ಬಾಕ್ಸು, ಅದರ ಮೇಲೆ ಬಡವರ ಗೂಡು, ಕಿರಿಚಲು ಸಂಬಳಕ್ಕಿಟ್ಟ ಬೆಕ್ಕು ಎಂದು ಪೋಣಿಸಿ ಹಾಳೆಹಾಳೆಯಾಗಿ ಚಿತ್ರ ಬರೆದರು. ಬೆಕ್ಕೆಂದರೆ ಹೆಚ್ಚಿನ ಸಂಬಳಕ್ಕೆ ಗೊತ್ತುಮಾಡಿದ್ದ ಇಟಲಿಯ ಗಾಯಕಿ ಕ್ಯಾಟಲಾನಿ.

ಒಡೆಯರು ಲೆಕ್ಕಪತ್ರಗಳ ಪರಿಶೀಲನೆಗೆ ಗಣ್ಯರ ಸಮಿತಿಯೊಂದನ್ನು ನೇಮಿಸಿದರು. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರನೂ ಅದರಲ್ಲಿದ್ದನು. ಹಿಂದಿನ ವರ್ಷಗಳ ಲಾಭ ಶೇಕಡಾ 6ಕ್ಕಿಂತ ತುಸು ಮಾತ್ರ ಹೆಚ್ಚೆಂದು ಸಮಿತಿ ವರದಿ ಮಾಡಿತು. ಯಾರೂ ನಂಬಲಿಲ್ಲ, ನಂಬಬೇಕಾದ ಅಗತ್ಯವನ್ನೂ ಕಾಣಲಿಲ್ಲ. ಏಕೆಂದರೆ ಜನರ ವಾದವೇ ಬೇರೆ: ರಾಜಸನ್ನದಿನ ಬಲದಿಂದ ಎದುರಾಳಿಗಳಿಲ್ಲದೆ ಮೆರೆಯುವ ಮಂದಿರ ಬರಿಯ ಖಾಸಗಿ ಅಂಗಡಿಯಾಗಲಾರದು, ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಗಿರಾಕಿಗೆ ಇಲ್ಲದಿರುವಾಗ ಬೆಲೆ ಕಟ್ಟುವ ಸ್ವಾತಂತ್ರ್ಯ ವರ್ತಕನಿಗೂ ಇಲ್ಲ. ಅರ್ಧ ಷಿಲಿಂಗಿನ ಹಿಂದಿದ್ದ ನ್ಯಾಯ ಇದು. ವಿಡಂಬನಚಿತ್ರಗಳ ಶೀರ್ಷಿಕೆಗಳಲ್ಲಿ ಆ ಮಂದಿರವನ್ನು ‘ರಾಷ್ಟ್ರೀಯ ರಂಗಮಂದಿರ’ವೆಂದು ಕರೆದಿರುವುದು ಕುಚೋದ್ಯವೂ ಹೌದು, ಹಕ್ಕಿನ ಘೋಷಣೆಯೂ ಹೌದು.

ನ್ಯಾಯವಿದ್ದ ಮಾತ್ರಕ್ಕೆ ಎಲ್ಲವೂ ಶುಭ್ರವಾಗಿರಲಿಲ್ಲ. ಒಡೆಯರು ಡೇನಿಯಲ್ ಮೆಂಡೋಜ ಮೊದಲಾದ ಯಹೂದಿ ಮುಷ್ಟಿಮಲ್ಲರನ್ನು ಬಾಡಿಗೆಗೆ ತಂದು ಪಿಟ್ಟಿನೊಳಗೆ ನುಗ್ಗಿಸಿದರು. ಮಲ್ಲರ ಮೇಲಿನ ಕೋಪ ಯಹೂದಿ ಜನಾಂಗದ ಮೇಲೆಯೇ ತಿರುಗಿ, ಚಿತ್ರಗಳಲ್ಲಿ ವಿಕಾರವಾದ ಮೂಗುಗಳಾಗಿಯೂ ಗಡ್ಡಗಳಾಗಿಯೂ ಮೂಡಿತು. ಕ್ಯಾಟಲಾನಿಯ ಮೇಲಿನ ನಿಂದೆಯಲ್ಲಿ ಸಂಬಳದ ಮಾತಿಗಿಂತ ಪರದೇಶಿಯೆಂಬ ದ್ವೇಷವೇ ಜೋರು. ವ್ಯಾಪಾರದ ಲೋಭವನ್ನು ಹಳಿಯಹೊರಟವನು ಲೋಭಕ್ಕೊಂದು ಮುಖವನ್ನು ಹುಡುಕುವಾಗ ಅದನ್ನು ತನ್ನ ಮನೆಯಲ್ಲಿ ಹುಡುಕುವುದಿಲ್ಲ. ಈ ಹಾಳೆಗಳನ್ನು ನೋಡಿ ನಗುವ ನಮಗೂ ಆ ಎಚ್ಚರವಿರುವುದು ಒಳ್ಳೆಯದು.

ಅಕ್ಟೋಬರಿನ ಕೊನೆಯಲ್ಲಿ ಬ್ರಾಂಡನ್ ಎಂಬ ಬಾಕ್ಸುಗಳ ಮೇಲ್ವಿಚಾರಕನು ಟೋಪಿಯ ಮೇಲೆ ‘ಓ.ಪಿ.’ ಧರಿಸಿದ್ದ ಕ್ಲಿಫರ್ಡ್ ಎಂಬ ನ್ಯಾಯವಾದಿಯನ್ನು ಹಿಡಿಸಿದನು. ಕ್ಲಿಫರ್ಡ್ ಮೊಕದ್ದಮೆ ಹೂಡಿ ಗೆದ್ದು 5 ಪೌಂಡ್ ಪರಿಹಾರ ಪಡೆದನು. ಡಿಸೆಂಬರ್ 14ರಂದು ಒಂದು ಭೋಜನಶಾಲೆಯಲ್ಲಿ ರಾಜಿಯಾಯಿತು. ಪಿಟ್ಟಿನ ದರ ಮೂರೂವರೆಗೆ ಇಳಿಯಿತು, ಖಾಸಗಿ ಬಾಕ್ಸುಗಳು ಕಡಿಮೆಯಾದುವು, ಕೆಂಬಲ್ ಕ್ಷಮೆ ಕೇಳಿದನು. ಬಾಕ್ಸಿನ 7 ಷಿಲಿಂಗ್ ಮಾತ್ರ ಹಾಗೆಯೇ ಉಳಿಯಿತು.

ಕಳೆದುಕೊಂಡದ್ದನ್ನು ಒಡೆಯರು ಬೇರೆ ದಾರಿಯಿಂದ, ಎಂದರೆ ಪ್ರಾಣಿಗಳ ಆಟದಿಂದ, ತುಂಬಿಕೊಳ್ಳಲೆಳಸಿದರು. 1803ರಷ್ಟು ಹಿಂದೆಯೇ ಡ್ರೂರಿ ಲೇನಿನಲ್ಲಿ ಕಾರ್ಲೋ ಎಂಬ ನಾಯಿ ರಂಗದ ಮೇಲಿನ ನೀರಿಗೆ ಧುಮುಕಿ ಮಗುವನ್ನೆತ್ತಿ ತಂದು ಷೆರಿಡನನ ಬೊಕ್ಕಸವನ್ನೂ ದಡಕ್ಕೆಳೆದಿದ್ದಿತು. 1811ರ ಫೆಬ್ರವರಿಯಲ್ಲಿ ಕಾವೆಂಟ್ ಗಾರ್ಡನ್ನಿನ ರಂಗಕ್ಕೆ ‘ಬ್ಲೂ ಬಿಯರ್ಡ್’ ಆಟದಲ್ಲಿ, ಕುದುರೆಯಾಟಕ್ಕೆ ಹೆಸರಾದ ಆಸ್ಟ್ಲಿಯ ಅಖಾಡದ ಕುದುರೆಗಳು ಬಂದುವು. ಏಪ್ರಿಲಿನಲ್ಲಿ ‘ಟಿಮೂರ್ ದಿ ಟಾರ್ಟರ್’ ಆಟದಲ್ಲಿ ಮತ್ತೆ ಕುದುರೆಗಳು. ಆಸ್ಟ್ಲಿಯ ಈ ಅಖಾಡ ನಮ್ಮ ನಾಡಿನವರಿಗೆ ಸಂಬಂಧವಿಲ್ಲದ್ದಲ್ಲ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸುದ್ದಿ ಮುಟ್ಟಿದೊಡನೆಯೇ ಟಿಪ್ಪುವಿನ ಮರಣವನ್ನೂ ಕೋಟೆಯ ಲಗ್ಗೆಯನ್ನೂ ಕುದುರೆ, ಮದ್ದು, ಬೆಂಕಿಗಳೊಡನೆ ಆಡಿ ತೋರಿಸಿ ದುಡ್ಡು ಮಾಡಿದ ಸ್ಥಳ ಅದೇ. ಷೇಕ್ಸ್‌ಪಿಯರನ ಹೆಸರಿನಲ್ಲಿ ಕಣ್ಣೀರಿಟ್ಟ ವಿಡಂಬನಕಾರರಿಗೆ ಈ ವ್ಯಾಪಾರದಲ್ಲಿ ಮರುಗತಕ್ಕದ್ದೇನೂ ಕಾಣಲಿಲ್ಲ. ಅದೇ 1811ರ ಡಿಸೆಂಬರಿನಲ್ಲಿ ‘ಹಾರ್ಲೆಕ್ವಿನ್ ಅಂಡ್ ಪದ್ಮನಾಭ’ ಎಂಬ ಆಟದಲ್ಲಿ ಭಾರತದಿಂದ ಹೋದ ಚುನೀ ಎಂಬ ಆನೆಯೂ ಕಾವೆಂಟ್ ಗಾರ್ಡನ್ನಿನ ರಂಗವೇರಿತು; ಆ ಬಡಪ್ರಾಣಿಯನ್ನು ಮುಂದೆ 1826ರಲ್ಲಿ ಲಂಡನ್ನಿನ ಮೃಗಶಾಲೆಯೊಂದರಲ್ಲಿ ಗುಂಡಿಕ್ಕಿ ಕೊಂದರು.

ಡ್ರೂರಿ ಲೇನನ್ನು ಮತ್ತೆ ಕಟ್ಟಿಸುವ ಭಾರ ಹೊತ್ತವನು ಮದ್ಯತಯಾರಿಕೆಯಲ್ಲಿ ಹಣ ಮಾಡಿದ ಸ್ಯಾಮ್ಯುಯೆಲ್ ವಿಟ್‌ಬ್ರೆಡ್. ಅವನು ಷೆರಿಡನನನ್ನು ಆಡಳಿತದಿಂದ ಹೊರಗಿಟ್ಟು, 1812ರ ಅಕ್ಟೋಬರ್ 10ರಂದು ಮಂದಿರವನ್ನು ತೆರೆದನು. ಡಿಸೆಂಬರಿನಲ್ಲಿ ‘ದಿ ಸ್ಕರ್ಜ್’ ಪತ್ರಿಕೆಯಲ್ಲಿ ಜಾರ್ಜ್ ಕ್ರೂಕ್‌ಷ್ಯಾಂಕನು ಬಿಯರಿನ ಪೀಪಾಯಿಗಳನ್ನೇ ಆಡಳಿತದ ಲಾಂಛನ ಮಾಡಿದ ಚಿತ್ರವನ್ನು ಪ್ರಕಟಿಸಿದನು. ಆ ಚಿತ್ರದಲ್ಲಿ ಹಾಸ್ಯಕ್ಕಿಂತ ಜಾತಿಮದ ಹೆಚ್ಚು. ವರ್ತಕನು ಕಲೆಗೆ ಕೈಹಾಕಬಾರದೆಂಬ ತಿರಸ್ಕಾರವೊಂದನ್ನು ಬಿಟ್ಟರೆ ಹೇಳುವುದಕ್ಕೆ ಅದರಲ್ಲಿ ಬೇರೇನೂ ಇಲ್ಲ. ಮಂದಿರವನ್ನು ಸಾಲದ ಕೂಪದಿಂದ ಎತ್ತಲು ದುಡಿದು ಬಳಲಿದ ವಿಟ್‌ಬ್ರೆಡ್ 1815ರಲ್ಲಿ ಆತ್ಮಹತ್ಯೆ ಮಾಡಿಕೊಂಡನು.

ಈಗ ಈ ಚಿತ್ರಗಳ ಯೋಗ್ಯತೆಯನ್ನು ನಿರ್ಣಯಿಸುವುದಾದರೆ, ಕೋಪದಲ್ಲಿ ಅವು ಸತ್ಯ, ಕಾರಣನಿರೂಪಣೆಯಲ್ಲಿ ಅರೆಸತ್ಯ. ಸನ್ನದಿಗೆ ಮುಖವಿಲ್ಲ, ಮೂರು ಸಾವಿರ ಆಸನದ ಕಟ್ಟಡಕ್ಕೆ ಮೂಗಿಲ್ಲ, ಅಡಮಾನದ ಬಡ್ಡಿಯನ್ನು ಸೂಜಿಯಿಂದ ಗೀಚಲಾಗುವುದಿಲ್ಲ. ತಾಮ್ರಪಟಕ್ಕೆ ಒಬ್ಬ ಮನುಷ್ಯ ಬೇಕು. ಷೆರಿಡನನ ಕೆಂಪು ಮೂಗೂ ಕೆಂಬಲನ ಗಂಭೀರವಾದ ಮುಖವೂ ಸಿದ್ಧವಾಗಿದ್ದುವು. ಇಬ್ಬರೂ ನಿರ್ದೋಷಿಗಳೆಂದು ನಾನು ಹೇಳುತ್ತಿಲ್ಲ. ಆದರೆ ಅವರು ಹೋದ ಮೇಲೂ ಕುದುರೆಗಳು ಹೋಗಲಿಲ್ಲ. 1830ರ ದಶಕದ ಕೊನೆಗೆ ಡ್ರೂರಿ ಲೇನಿನಲ್ಲಿ ಮೃಗಗಳನ್ನು ಪಳಗಿಸುವ ವ್ಯಾನ್ ಆಂಬರ್ಗನ ಸಿಂಹಗಳು ಕುಣಿದುವು, ವಿಕ್ಟೋರಿಯ ರಾಣಿಯೇ ಬಂದು ನೋಡಿದಳು. ಚಿತ್ರಕಾರರಿಗೆ ಕಾಣದ ಮುಖವನ್ನು ಕಂಡದ್ದು ಎಡ್ವರ್ಡ್ ಬುಲ್ವರನ ಅಧ್ಯಕ್ಷತೆಯಲ್ಲಿ 1832ರಲ್ಲಿ ಕುಳಿತ ಪಾರ್ಲಿಮೆಂಟಿನ ಸಮಿತಿ. ಅದು ಸಾಕ್ಷಿಗಳನ್ನು ಕೇಳಿ, ರೋಗದ ಮೂಲ ಏಕಸ್ವಾಮ್ಯದಲ್ಲಿದೆಯೆಂದು ಗುರುತಿಸಿತು. ಹನ್ನೊಂದು ವರ್ಷಗಳ ಮೇಲೆ, 1843ರ ಶಾಸನ ಎರಡು ಮಂದಿರಗಳ ಹಕ್ಕನ್ನು ತೊಡೆದುಹಾಕಿತು.

ಈ ಹಾಳೆಗಳ ಬಹುದೊಡ್ಡ ಸಂಗ್ರಹ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಡಾರತಿ ಜಾರ್ಜ್ ಎಂಬ ವಿದುಷಿಯು 1935ರಿಂದ 1954ರವರೆಗೆ ಸಂಪುಟ ಸಂಪುಟವಾಗಿ ಅವುಗಳ ವಿವರಸೂಚಿಯನ್ನು ಸಿದ್ಧಪಡಿಸಿ ಉಪಕರಿಸಿದ್ದಾಳೆ. ನಾಟಕದ ಚರಿತ್ರೆಯನ್ನು ಓದುವ ನಮ್ಮ ತರುಣ ವಿದ್ಯಾರ್ಥಿಗಳು ಆ ಸೂಚಿಯನ್ನು ಕೈಗೆತ್ತಿಕೊಳ್ಳುವಾಗ, ಅದರ ಪಕ್ಕದಲ್ಲಿ 1832ರ ಸಮಿತಿಯ ವರದಿಯನ್ನೂ ಇಟ್ಟುಕೊಂಡು ಓದಬೇಕೆಂದು ನನ್ನ ವಿಜ್ಞಾಪನೆ.